ಹಲ್ಲಿನ ಬೆಲ್ಟು, ಹಿಂದಿನ ಸೀಟು

ನಮ್ಮವರು ನನಗೆ ಸೀರೆ, ಬಂಗಾರ ಎಂದು ಆಸೆ ಹಚ್ಚಿದವರಲ್ಲ. ಅವರು ಹಚ್ಚಿದ ಆಸೆ ಒಂದೇ, ವಿಮಾನದಲ್ಲಿ ಕೂರಿಸುತ್ತೇನೆ ಎನ್ನುವುದು. ಅದೂ ಟಿಕೆಟ್ ತೆಗೆದು ಹತ್ತುವ ವಿಮಾನವಲ್ಲ, ಗೋಕುಲ ರಸ್ತೆಯ ನಮ್ಮ ಶೆಡ್ಡಿನಲ್ಲಿ ಅವರೇ ಕಟ್ಟುವ ವಿಮಾನ. "ಮುಂದ ನಾನು, ಹಿಂದ ನೀನು. ಮೊದಲನೇ ಸುತ್ತು ನಿಂದ" ಎಂದಿದ್ದರು. ಆ ಹಿಂದಿನ ಸೀಟಿಗಾಗಿ ನಾನು ಪಟ್ಟಷ್ಟು ಹೊಟ್ಟೆಯುರಿಯನ್ನು ನನ್ನ ವಾರಗಿತ್ತಿಯ ಬಂಗಾರದ ಪಾಟ್ಲಿ ಬಳೆ ನೋಡಿಯೂ ಪಟ್ಟಿರಲಿಲ್ಲ.

ನಮ್ಮ ಮದುವೆಯಾದದ್ದೇ ಬೆಲ್ಟಿನ ದೆಸೆಯಿಂದ. ಕಮರಿಪೇಟೆಯಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಮೇಲೆ ಮನೆ. ಚರ್ಮದ ಅಗಲವಾದ ಪಟ್ಟಾ ದಿನವಿಡೀ ಪಟಪಟ ಬಡಿದುಕೊಳ್ಳುವುದನ್ನು ಕೇಳುತ್ತಲೇ ನಾನು ಅಕ್ಷರ ಕಲಿತೆ, ಅಡುಗೆ ಕಲಿತೆ, ಹೊಲಿಗೆ ಕಲಿತೆ. ನಮ್ಮವರು ಗಿರಣಿಗಳಿಗೆ, ಖಾರ ಕುಟ್ಟುವ ಮಷೀನುಗಳಿಗೆ ಗಾಲಿ, ಪುಲ್ಲಿ ಕಡೆದು ಕೊಡುತ್ತಿದ್ದರು. ಹೊಸ ಪುಲ್ಲಿ ಕೂರಿಸಲು ಬಂದವರು ಒಂದು ದಿನದ ಕೆಲಸವನ್ನು ವಾರಗಟ್ಟಲೆ ಎಳೆದರು. ಆಮೇಲೆ ಹಿರಿಯರನ್ನು ಕಳಿಸಿದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿ ಕಡೆಯ ಯಾರೋ ಒಬ್ಬರು ಅರ್ಧ ಕಟ್ಟಿ ಬೇಸತ್ತು ಬಿಟ್ಟಿದ್ದ ಸಣ್ಣ ವಿಮಾನದ ಮೈಯನ್ನು ಇವರು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಬರೀ ಕೊಳವೆಗಳು. ಓಣಿಯವರು ಮದುವೆ ಪೆಂಡಾಲಿನ ಸಾಮಾನು ಅಂದುಕೊಂಡರು. ಇವರಿಗೆ ಹಾರುವುದು ಪೂರ್ತಿ ಹೊಸತೇನಲ್ಲ, ಕಾಲೇಜಿನ ದಿನಗಳಲ್ಲಿ ಗ್ಲೈಡರ್ ಹಾರಿಸಿದ್ದರು, ಆಮೇಲೂ ಅಲ್ಲಿ ಇಲ್ಲಿ ಹೋಗಿ ಕಲಿತು ಬಂದಿದ್ದರು. ಆದರೆ ರೆಕ್ಕೆಗೆ ಬಟ್ಟೆ ಹೊಲಿಯುವವರು ಯಾರು? ನಾನು. ಒಂದು ಬೇಸಿಗೆ ಪೂರ್ತಿ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿಯ ಪಾಲಿಯೆಸ್ಟರ್ ಬಟ್ಟೆ, ಜೋಡಿ ಹೊಲಿಗೆ, ಒಂದು ಕಡೆ ಸುಕ್ಕು ಬಿದ್ದರೂ ಬಿಚ್ಚಿ ಮತ್ತೆ ಹೊಲಿ. ಕಾಲಿನಿಂದ ತುಳಿಯುವ ನನ್ನ ಮಷೀನು ಅಂಥ ಭಾರದ ಬಟ್ಟೆಯನ್ನು ಎಂದೂ ಕಂಡಿರಲಿಲ್ಲ. ಹಿಂದಿನ ಸೀಟಿಗೆ ಕೆಂಪು ರೆಕ್ಸಿನ್ ಹಾಕಿ, ಒಳಗೆ ದಪ್ಪ ಸ್ಪಂಜು ತುಂಬಿ, ಅಂಚಿಗೆ ಪೈಪಿಂಗ್ ಕೊಟ್ಟು ಹೊಲಿದವಳೂ ನಾನೇ. ಮುಂದಿನ ಸೀಟಿಗೆ ಪೈಪಿಂಗ್ ಕೊಡಲಿಲ್ಲ. ಅಂದರೆ ಆ ಹಿಂದಿನ ಸೀಟು ನನಗೆ ಯಾರೋ ಪ್ರೀತಿಯಿಂದ ಕೊಟ್ಟದ್ದಲ್ಲ, ನಾನು ದುಡಿದು ಪಡೆದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಎಂಜಿನ್ನು, ಅಪಘಾತದಲ್ಲಿ ಜಜ್ಜಿಹೋಗಿದ್ದ ಸಣ್ಣ ಕಾರಿನದು. ಕಾರಿನ ಎಂಜಿನ್ ಜೋರಾಗಿ ತಿರುಗಿದರೆ ಮಾತ್ರ ಶಕ್ತಿ ಕೊಡುತ್ತದೆ. ವಿಮಾನದ ಪಂಖವನ್ನು ಅಷ್ಟು ಜೋರಾಗಿ ತಿರುಗಿಸಿದರೆ ಅದು ಬರೀ ಚೀರುತ್ತದೆ, ಗಾಳಿಯನ್ನು ಹಿಡಿದು ಎಳೆಯುವುದಿಲ್ಲ. ಅದಕ್ಕೆ ಎಂಜಿನ್ನಿಗೆ ಒಂದು ಸಣ್ಣ ಪುಲ್ಲಿ, ಮೇಲೆ ಪಂಖಕ್ಕೆ ಒಂದು ದೊಡ್ಡ ಪುಲ್ಲಿ, ಎರಡರ ನಡುವೆ ಹಲ್ಲಿರುವ ಅಗಲವಾದ ರಬ್ಬರ್ ಬೆಲ್ಟು. ನಮ್ಮವರಿಗೆ ಇದು ನೀರು ಕುಡಿದಷ್ಟು ಸಲೀಸು. ಪುಲ್ಲಿಗಳನ್ನು ಅಲ್ಯುಮಿನಿಯಮ್ಮಿನಲ್ಲಿ ಕಡೆದರು. ಎಂಜಿನ್ನಿನ ಹಿಂದೆ ಇದ್ದ ಕಬ್ಬಿಣದ ಭಾರವಾದ ಗಾಲಿಯನ್ನು, ಫ್ಲೈವೀಲನ್ನು, ಬಿಚ್ಚಿ ಮೂಲೆಗೆ ಎಸೆದರು. "ವಿಮಾನಕ್ಕ ಯಾಕ ಬೇಕು ಈ ಭಾರ?" ಎಂದು ಎದೆಯುಬ್ಬಿಸಿ ಹೇಳಿದರು. ನಾನೂ ಹೌದೆಂದೆ. ಭಾರ ಕಡಿಮೆಯಾದಷ್ಟೂ ನನ್ನ ಸೀಟು ಗಟ್ಟಿ ಎಂದು ನನ್ನ ಲೆಕ್ಕ.

ಎಂಜಿನ್ ಚಾಲೂ ಆಯಿತು. ನಿಧಾನದ ವೇಗದಲ್ಲಿ ಒಂದು ಹಂತಕ್ಕೆ ಬಂದ ಕೂಡಲೇ ಗಡಗಡ ಶುರುವಾಯಿತು. ಬೆಲ್ಟು ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಶೆಡ್ಡಿನ ಹಿಂದೆಯೇ ನಮ್ಮ ಮನೆ, ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ವಾಟಿ ಬಟ್ಟಲುಗಳು ಒಂದಕ್ಕೊಂದು ತಾಗಿ ಜಣಜಣ ಅಂದವು. ಇನ್ನೂ ಸ್ವಲ್ಪ ವೇಗ ಕೊಟ್ಟರೆ ಎಲ್ಲವೂ ಗಪ್‌ಚುಪ್. ಇಳಿಸಿದರೆ ಮತ್ತೆ ಗಡಗಡ. ದಿನಾ ಒಂದಿಷ್ಟು ಬೋಲ್ಟು ಸಡಿಲಾಗುತ್ತಿದ್ದವು. ಇವರು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ತವರು ಒಂದೇ ಊರಿನೊಳಗಿದ್ದರೂ. ಸಿಟಿ ಬಸ್ ಹತ್ತಿ ಕಮರಿಪೇಟೆಗೆ ಹೋದೆ, ಜೋಕಾಲಿ ಆಡಿದೆ, ಅವ್ವನ ಕೈಯ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಡಬ್ಬಿ ತುಂಬಿಸಿಕೊಂಡು ವಾಪಸ್ಸು ಬಂದೆ. ನೋಡಿದರೆ ಶೆಡ್ಡಿನಲ್ಲಿ, ನನ್ನ ಹೊಲಿಗೆಯ ಸ್ಟೂಲಿನ ಮೇಲೆ ಒಬ್ಬಾಕೆ ಕೂತಿದ್ದರು. ನನ್ನ ವಯಸ್ಸಿನವರೇ. ಕಾಟನ್ ಸೀರೆ, ಕಾಲಿಗೆ ಮುಚ್ಚಿದ ಬೂಟು, ಹೊರಗೆ ಅವರದೇ ಸ್ಕೂಟರು.

"ಧಾರವಾಡದ ಕಾಲೇಜಿನ ಮೇಡಂ. ಎಂಜಿನ್ನಿನ ನಡುಕದ ಬಗ್ಗೆನ ಪಾಠ ಮಾಡತಾರ. ಕೇಳಾಕ ಹೋಗಿದ್ದೆ, ನೋಡಬೇಕಂತ ಅವರ ಬಂದಾರ" ಎಂದರು ನಮ್ಮವರು. ಕೂದಲು ಬಾಚಿಕೊಂಡಿದ್ದರು. ಕೈ ತೊಳೆದುಕೊಂಡಿದ್ದರು, ಅದೂ ಸೋಪು ಹಚ್ಚಿ.

"ನಮಸ್ಕಾರರೀ" ಎಂದರು ಮೇಡಂ, ಧಾರವಾಡದ ಆ ನಯವಾದ ದನಿಯಲ್ಲಿ. "ರೆಕ್ಕಿ ನೀವ ಹೊಲದದ್ದಂತಲ್ಲ? ಭಾಳ ಛಂದ ಅದ ನಿಮ್ಮ ಕೆಲಸ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಹೊಗಳಿದರೆ ಏನು ಮಾಡುವುದು? ಅಷ್ಟರಲ್ಲಿ ನಮ್ಮವರು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, ತಮಗೆಂದೇ ನಾನು ಕಾಗದದಲ್ಲಿ ಸುತ್ತಿ ಬೇರೆ ಇಟ್ಟಿದ್ದ ದೊಡ್ಡ ಬೇಸನ್ ಉಂಡಿಯನ್ನು ಬಿಚ್ಚಿ ಮೇಡಂ ಕೈಗೆ ಕೊಟ್ಟರು. ಮೇಡಂ ಸಂಕೋಚವಿಲ್ಲದೆ ತಿಂದರು. ಬೆರಳಿಗೆ ಹತ್ತಿದ ತುಪ್ಪವನ್ನೂ ಬಿಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಮೇಡಂ, ಎದ್ದರೆ ಮೇಡಂ. "ಮೇಡಂ ಹಿಂಗಂದ್ರು, ಮೇಡಂ ಹಂಗಂದ್ರು." ಭಾನುವಾರ ಬಂದರೆ ಸ್ಕೂಟರಿನ ಸದ್ದಿಗೆ ಇವರ ಕಿವಿ ನಿಮಿರುತ್ತಿತ್ತು. ತಾವಾಗಿ ಒಂದು ದಿನ ಚಹಾ ತರಿಸದ ಮನುಷ್ಯ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರತೊಡಗಿದರು. ನಾನು ಮೇಡಂಗೆ ಬಾಯ್ತುಂಬ "ಬರ್ರಿ, ಕೂಡ್ರಿ" ಅನ್ನುತ್ತಿದ್ದೆ, ಒಳಗೊಳಗೆ ಆಕೆಯ ಸ್ಕೂಟರಿನ ಗಾಲಿ ಪಂಕ್ಚರ್ ಆಗಲಿ ಅನ್ನುತ್ತಿದ್ದೆ. ಗಂಡನ ಮೇಲೆ ನನಗೆ ಸಂಶಯವಿತ್ತೇ ಎಂದರೆ, ಅಂಥದ್ದೇನೂ ಇರಲಿಲ್ಲ. ನನಗೆ ಉರಿಯುತ್ತಿದ್ದದ್ದು ಬೇರೆ. ಇವರು ಎಂಜಿನ್ನಿನ ಬಗ್ಗೆ ಮಾತಾಡುವಾಗ ಅವರ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಮೊದಲು ಆ ಬೆಳಕು ನನ್ನ ಎದುರಿಗೆ ಬರುತ್ತಿತ್ತು, ಈಗ ಆಕೆಯ ಎದುರಿಗೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದೆ. ಎಂಜಿನ್ ನಿಧಾನವಾಗಿ ಓಡುತ್ತಿತ್ತು. ಪಂಖದ ಕಡೆಯ ಹಿಂಬಾಗಿಲು ತೆರೆದಿತ್ತು, ಎಂಜಿನ್ನಿನ ಸುತ್ತ ಮಾತ್ರ ತಾಡಪತ್ರಿ ಇಳಿಬಿಟ್ಟು ಡೇರೆಯ ಹಾಗೆ ಕಟ್ಟಿದ್ದರು. ತಾಡಪತ್ರಿಯ ಕೆಳಗೆ ಎರಡು ಜೊತೆ ಕಾಲು ಕಾಣುತ್ತಿದ್ದವು. ಒಂದು ನಮ್ಮವರ ಎಣ್ಣೆ ಬಡಿದ ಚಪ್ಪಲಿ, ಇನ್ನೊಂದು ಆ ಮುಚ್ಚಿದ ಬೂಟು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು.

"ಏನ್ ನಡಸೀರಿ ಒಳಗ?" ಎಂದು ತಾಡಪತ್ರಿ ಎತ್ತಿದೆ.

"ಲಗೂ ಒಳಗ ಬರ್ರಿ, ಬೆಳಕ ಬರತದ" ಎಂದು ಮೇಡಂ ನನ್ನ ಕೈ ಹಿಡಿದು ಎಳೆದುಕೊಂಡರು. ಒಳಗೆ ಕತ್ತಲು. ಅವರ ಕೈಯಲ್ಲಿ ಪಟಪಟ ಮಿಣುಕುವ ಒಂದು ದೀಪ. ಆ ದೀಪದ ಬೆಳಕಿನಲ್ಲಿ, ಗಿರಗಿರ ತಿರುಗುತ್ತಿದ್ದ ಪುಲ್ಲಿ ನಿಂತುಬಿಟ್ಟಿತ್ತು. ನಿಜವಾಗಿ ನಿಂತಿರಲಿಲ್ಲ, ಸುತ್ತಿಗೊಮ್ಮೆ ದೀಪ ಮಿಣುಕುತ್ತಿದ್ದುದರಿಂದ ನಿಂತಂತೆ ಕಾಣುತ್ತಿತ್ತು. ಬೆಲ್ಟಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪುಲ್ಲಿಯ ಮೇಲೆ ಸುಣ್ಣದಲ್ಲಿ ಎಳೆದ ಒಂದು ಗೆರೆ. ಇವರು ವೇಗ ಸ್ವಲ್ಪ ಇಳಿಸಿದರು. ಗೆರೆ ಸಣ್ಣಗೆ ನಡುಗತೊಡಗಿತು, ಹಿಂದೆ ಮುಂದೆ, ಹಿಂದೆ ಮುಂದೆ. ಅಡುಗೆಮನೆಯಿಂದ ವಾಟಿಗಳು ಜಣಜಣ ಅಂದವು.

"ಎಂಜಿನ್ ಒಂದೇ ಸಮ ತಿರುಗೂದಿಲ್ಲರೀ" ಎಂದು ಮೇಡಂ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದರು. "ಒಳಗ ಪೆಟ್ರೋಲ್ ಹೊತ್ತಿದಾಗೊಮ್ಮೆ ಒಂದು ತಳ್ಳು. ಪಂಖ ಭಾರ, ಲಗೂ ಮಾತು ಕೇಳೂದಿಲ್ಲ. ನಡುವ ಬೆಲ್ಟು ಹಿಗ್ಗಿ ಕುಗ್ಗಿ ತೂಗತದ. ಪಂಚಮಿ ಜೋಕಾಲಿ ಆಡೀರಿಲ್ಲೋ? ಸರಿಯಾದ ಹೊತ್ತಿಗೆ ತಳ್ಳಿದ್ರ ಸಣ್ಣ ಕೂಸು ತಳ್ಳಿದ್ರೂ ಜೋಕಾಲಿ ಮ್ಯಾಲ ಹೋಗತದ. ಈ ವೇಗದಾಗ ಎಂಜಿನ್ನಿನ ತಳ್ಳು ಬೆಲ್ಟಿನ ತೂಗಾಟಕ್ಕ ಸರಿಯಾಗಿ ಕೂಡತದ, ಅದಕ್ಕ ಈ ನಡುಕ."

ಒಂದು ಕ್ಷಣ ನಾನು ಸಿಟ್ಟು ಮರೆತು ಆ ಗೆರೆಯನ್ನೇ ನೋಡುತ್ತ ನಿಂತೆ. ಆಮೇಲೆ ನೆನಪಾಗಿ ಮತ್ತೆ ಸಿಟ್ಟಾದೆ. ಇಷ್ಟು ಚೆಂದದ್ದನ್ನು ಇವರಿಬ್ಬರೇ ನೋಡುತ್ತಿದ್ದರಲ್ಲ, ನನ್ನನ್ನು ಕರೆಯಬೇಕು ಎಂದು ಯಾರಿಗೂ ಅನ್ನಿಸಲಿಲ್ಲವಲ್ಲ!

ಊಟದ ಹೊತ್ತಿಗೆ ಮೇಡಂ ಔಷಧ ಹೇಳಿದರು. "ಆ ಫ್ಲೈವೀಲ್ ಬಿಚ್ಚಿದ್ದ ತಪ್ಪು. ವಾಪಸ್ ಹಾಕ್ರಿ. ಅದರ ಭಾರ ಆ ತಳ್ಳನ್ನ ಮೆತ್ತಗ ಮಾಡತದ." ನಮ್ಮವರ ಮುಖ ಹುಳ್ಳಗಾಯಿತು. ಭಾರ ಇಳಿಸಿದ್ದೇ ಅವರ ದೊಡ್ಡ ಜಂಬ. ತಾಟಿನಲ್ಲಿದ್ದ ರೊಟ್ಟಿಯನ್ನು ಚೂರುಚೂರು ಮುರಿದರು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೇಡಂ ಹೋದ ಮೇಲೆ ನಾನು ಹೇಳಿದೆ: "ನಮ್ಮಪ್ಪನ ಗಿರಣ್ಯಾಗ ಪಟ್ಟಾ ಬಡಕೊಂಡ್ರ ಏನ್ ಮಾಡತಿದ್ರು? ಬಿಗಿ ಮಾಡತಿದ್ರು. ಮುಗೀತು. ಇದಕ್ಕ ಕಾಲೇಜ್ ಯಾಕ ಬೇಕು?"

ಇವರಿಗೆ ಬೇಕಾದದ್ದೂ ಅದೇ ಮಾತು. ಮರುದಿನವೇ ಅಪ್ಪನನ್ನು ಕರೆಸಿದೆವು. ಅಪ್ಪ ಟೋಪಿ ತೆಗೆದಿಟ್ಟು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಸಡ್ಲ ಐತಿ. ಇನ್ನೂ ಎಳೀರಿ" ಎಂದರು. ಎಳೆದರು. "ಇನ್ನೂ." ಎಳೆದರು. ಬೆರಳಿನಿಂದ ಮೀಟಿದರೆ ಟಂಗ್ ಅನ್ನುವ ಹಾಗಾಯಿತು. "ಈಗ ಛಲೋ ಆತು ನೋಡು" ಎಂದರು ಅಪ್ಪ.

ಎಂಜಿನ್ ಚಾಲೂ ಮಾಡಿದರು. ನಾನು ಅಡುಗೆಮನೆಗೆ ಓಡಿ ವಾಟಿಗಳ ಮುಂದೆ ನಿಂತೆ. ಸದ್ದೇ ಇಲ್ಲ! ಒಂದು ವಾಟಿಯೂ ಅಲುಗಲಿಲ್ಲ. ಖುಷಿಗೆ ಶಿರಾ ಮಾಡಿದೆ, ದ್ರಾಕ್ಷಿ ಗೋಡಂಬಿ ಕೈ ಬಿಚ್ಚಿ ಹಾಕಿದೆ. "ಮೇಡಂಗೂ ಫೋನ್ ಮಾಡ್ರಿ, ಬಂದು ನೋಡ್ಲಿ" ಎಂದವಳೂ ನಾನೇ. ನನ್ನ ತಲೆಗೆ ಅವತ್ತು ಕೋಡು ಮೂಡಿದ್ದವು.

ಮೇಡಂ ಸಂಜೆ ಬಂದರು, ನಿಂತು ಕೇಳಿದರು. "ನಿಧಾನದಾಗ ಛಲೋ ಅದ. ಇನ್ನ ಹಾರೂ ವೇಗಕ್ಕ ಏರಸ್ರಿ. ಎಲ್ಲಾರೂ ಗ್ವಾಡಿ ಹಿಂದ ಬರ್ರಿ ಮೊದಲ" ಎಂದರು. ನಾನು ಮನಸ್ಸಿನಲ್ಲೇ ನಕ್ಕೆ. ಇವರು ಗೋಡೆಯ ಹಿಂದಿನಿಂದ ತಂತಿ ಎಳೆದು ವೇಗ ಏರಿಸಿದರು. ಏರಿತು, ಏರಿತು, ಇನ್ನೇನು ಹಾರುವ ವೇಗಕ್ಕೆ ಬರಬೇಕು, ಎಂಜಿನ್ ಕೂರಿಸಿದ್ದ ಸ್ಟ್ಯಾಂಡಿಗೆ ಸ್ಟ್ಯಾಂಡೇ ನಡುಗಿತು. ಫಟ್ ಎಂದು ಒಂದು ಸದ್ದು. ಸಣ್ಣ ಪುಲ್ಲಿ ಕಿತ್ತುಬಂದು ಚಾವಣಿಯ ಶೀಟು ಒಡೆದುಕೊಂಡು ಹೊರಗೆ ಹೋಯಿತು. ಬೆಲ್ಟಿನ ಹಲ್ಲುಗಳು ಮುರಿದ ಬಾಚಣಿಗೆಯಂತೆ ನೆಲದ ತುಂಬ ಬಿದ್ದಿದ್ದವು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

"ಬಿಗಿ ಮಾಡಿದ್ರ ನಡುಕ ಹೋಗೂದಿಲ್ಲರೀ" ಎಂದರು ಮೇಡಂ. "ಮ್ಯಾಲಿನ ವೇಗಕ್ಕ ಏರಿ ಕೂಡತದ ಅಷ್ಟ."

ಗೆದ್ದ ದನಿಯಲ್ಲಿ ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆಕೆ ಮೆತ್ತಗೆ ಹೇಳಿದರು, ಅದೇ ನನ್ನ ಮೈ ಸುಟ್ಟಿತು. "ನಮ್ಮ ಗಿರಣ್ಯಾಗ ಎಂದೂ ಹಿಂಗ ಆಗಿದ್ದಿಲ್ಲ" ಎಂದು ಅಪ್ಪ ಟೋಪಿ ಹಾಕಿಕೊಂಡು ಹೊರಟರು. ಅಪ್ಪನ ಮಾತು ಸುಳ್ಳೇನಲ್ಲ. ಚರ್ಮದ ಪಟ್ಟಾ ಎಳೆತ ಹೆಚ್ಚಾದರೆ ಜಾರಿ ಪಾರಾಗುತ್ತದೆ. ಹಲ್ಲಿನ ಬೆಲ್ಟಿಗೆ ಜಾರುವುದು ಗೊತ್ತಿಲ್ಲ, ಹರಿಯುವುದಷ್ಟೇ ಗೊತ್ತು. ಗಿರಣಿಯ ಮಗಳಿಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೇಡಂ ಶಿರಾ ತಿಂದರು. ಇನ್ನೊಮ್ಮೆ ಹಾಕಿಸಿಕೊಂಡರು ಕೂಡ.

ಆಮೇಲೆ ಎಲ್ಲವೂ ಆಕೆ ಹೇಳಿದಂತೆಯೇ. ಮೂಲೆಯಲ್ಲಿದ್ದ ಫ್ಲೈವೀಲ್ ತುಕ್ಕು ತಿಕ್ಕಿಸಿಕೊಂಡು ವಾಪಸ್ಸು ಬಂತು. ಸಣ್ಣ ಪುಲ್ಲಿ ಉಕ್ಕಿನದಾಯಿತು. ಫ್ಲೈವೀಲಿಗೂ ಪುಲ್ಲಿಗೂ ನಡುವೆ ಪೆಟ್ಟು ನುಂಗಲು ರಬ್ಬರಿನ ಗಟ್ಟಿಗಳು ಬಂದವು. ಹೊಸ ಬೆಲ್ಟನ್ನು ಹದವಾಗಿ ಎಳೆದರು. ನಡುಕ ಎಂಜಿನ್ ಚಾಲೂ ಆಗುವಾಗ ಒಮ್ಮೆ ಮುಖ ತೋರಿಸಿ ಹೋಗುವಷ್ಟು ಕೆಳಗೆ ಇಳಿಯಿತು. ಆದರೆ ಎಂಜಿನ್ನನ್ನು ತುತ್ತತುದಿಯ ವೇಗಕ್ಕೆ ಒಯ್ಯುವ ಹಾಗಿಲ್ಲ ಎಂದು ಮೇಡಂ ಕಟ್ಟಪ್ಪಣೆ ಮಾಡಿದರು. ಭಾರ ಹೆಚ್ಚಿತು, ಶಕ್ತಿ ಕಡಿಮೆಯಾಯಿತು. ಅಂಗಳದಲ್ಲಿ ನಿಂತು ಲೆಕ್ಕ ಹಾಕಿ ಹಾಕಿ, ನನ್ನ ಮುಖ ನೋಡದೆ ಆಕೆ ಹೇಳಿದರು: "ಇದು ಒಬ್ಬರನ್ನಷ್ಟ ಎತ್ತತದರೀ. ಹಿಂದಿನ ಸೀಟು ತಗೀಬೇಕು."

ಅಂದು ನಮ್ಮ ಮನೆಯಲ್ಲಿ ಆದ ಜಗಳಕ್ಕೆ ವಾಟಿಗಳು ಮತ್ತೆ ಸದ್ದು ಮಾಡಿದವು. "ಆಕೀ ಹೇಳಿದ್ಲು, ನೀವು ಹೂಂ ಅಂದ್ರಿ" ಎಂದೆ. "ನನ್ನ ಸೀಟಿನ ಮ್ಯಾಲ ಮೊದಲಿಂದ ಕಣ್ಣಿತ್ತು ಆಕೀದು."

"ಸೀಟು ತಗದ್ರ ಹಾರತೈತಿ, ಇಲ್ಲಂದ್ರ ಇಲ್ಲ. ನಾ ಏನ್ ಮಾಡ್ಲಿ?"

"ಹಂಗಾರ ನೀವು ಇಳೀರಿ. ನನಗ ಕಲಸ್ರಿ, ನಾ ಹಾರಸ್ತೇನಿ."

ಇವರು ನಕ್ಕರು. ಒಳ್ಳೆಯ ಚೇಷ್ಟೆ ಕೇಳಿದವರ ಹಾಗೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನು ಚೇಷ್ಟೆ ಮಾಡಿರಲಿಲ್ಲ.

ನಾನು ಹಟ ಹಿಡಿದದ್ದರಿಂದ ಸೀಟು ಕೊನೆಯ ದಿನದವರೆಗೂ ಇದ್ದಲ್ಲೇ ಇತ್ತು. ಹೊಸ ಶತಮಾನ ಬಂದು ಊರಿನ ಸುತ್ತ ಲೇಔಟುಗಳು ಏಳುತ್ತಿದ್ದ ಕಾಲ. ಲಕಮನಹಳ್ಳಿಯ ಆಚೆ ಪರಿಚಯದ ಹತ್ತಿ ವ್ಯಾಪಾರಿಯೊಬ್ಬರದು ಅಂಥದ್ದೇ ಒಂದು ಲೇಔಟಿತ್ತು. ಸೈಟು ಮಾರಿರಲಿಲ್ಲ, ಕಂಬ ನೆಟ್ಟಿರಲಿಲ್ಲ, ಗರಸು ಮಣ್ಣು ಹಾಕಿ ಗಟ್ಟಿ ಮಾಡಿದ ಅಗಲವಾದ ರಸ್ತೆ ಮಾತ್ರ ಉದ್ದಕ್ಕೆ ಮಲಗಿತ್ತು. ಪರವಾನಗಿಗೆ ಯಾರ್ಯಾರನ್ನು ಕೇಳಿದರು, ಅವರು ಏನೆಂದರು ಎಂಬುದನ್ನು ನಾನು ಬರೆಯುವುದಿಲ್ಲ. ನೆಲ ಬಿಟ್ಟು ಒಂದು ಜಿಗಿತ, ಮತ್ತೆ ಇಳಿಯುವುದು, ಅಷ್ಟೇ ಎಂದು ಮಾತಾಗಿತ್ತು. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ನಮ್ಮವರು ಹೆಲ್ಮೆಟ್ ಹಾಕಿಕೊಂಡು ಮೇಡಂ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. "ಸೀಟು ಬಿಚ್ಚಿಬಿಡ್ರಿ ಇನ್ನ" ಎಂದು ಅಲ್ಲಿಂದಲೇ ಕೂಗಿದರು.

"ನನ್ನ ಸೀಟು. ನಾನ ಬಿಚ್ಚತೇನಿ. ಯಾರೂ ಮುಟ್ಟಬ್ಯಾಡ್ರಿ" ಎಂದೆ. ಆದರೆ ಆ ಬೋಲ್ಟನ್ನು ಮೇಲಿನಿಂದ ಒಬ್ಬರು ಹಿಡಿಯಬೇಕು, ಕೆಳಗಿನಿಂದ ಒಬ್ಬರು ತಿರುಗಿಸಬೇಕು. ಮೇಡಂ ಹೇಳಿಸಿಕೊಳ್ಳದೆ ಬಂದು, ಸೀರೆ ಮಣ್ಣಾಗುವುದನ್ನೂ ನೋಡದೆ ಕೆಳಗೆ ಕೂತರು. ಕೊಳವೆಗಳ ನಡುವೆ ನಮ್ಮಿಬ್ಬರ ಮುಖ ಎದುರುಬದುರು. ಎರಡು ಬೋಲ್ಟು ಬಿಚ್ಚಿದ ಮೇಲೆ ಆಕೆಯ ಕೈ ನಿಂತಿತು.

"ನನಗೂ ಹೇಳಿದ್ರರೀ" ಎಂದರು ಮೆಲ್ಲಗೆ.

"ಏನು?"

"‘ಮೇಡಂ, ಮೊದಲನೇ ಸುತ್ತು ನಿಮಗ’ ಅಂತ. ಹಿಂದಿನ ಸೀಟಿನ್ಯಾಗ ನಾನ ಕೂಡಬೇಕು ಅಂತ ಹೇಳಿದ್ರು."

ಬೋಲ್ಟು ಹಿಡಿದಿದ್ದ ಪಾನಾ ಪಕ್ಕಕ್ಕಿಟ್ಟೆ. ಕನ್ನಡಿಯ ಮುಂದೆ ನಿಂತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ ನಮ್ಮವರನ್ನು ನೋಡಿದೆ. ಒಂದೇ ಸೀಟನ್ನು ಇಬ್ಬರಿಗೆ ಕೊಟ್ಟ ಪುಣ್ಯಾತ್ಮ ಸಿಳ್ಳೆ ಹಾಕುತ್ತಿದ್ದರು.

"ಮತ್ತ ಸೀಟು ತಗೀರಿ ಅಂತ ನೀವ ಹೇಳಿದ್ರಲ್ಲ?" ಎಂದೆ.

"ಲೆಕ್ಕ ಹಂಗ ಬಂತು. ಏನ್ ಮಾಡ್ಲಿ?" ಎಂದರು. ಆಕೆಯ ಕಣ್ಣು ತುಂಬಿತ್ತು. ನಾನಾಗಿದ್ದರೆ ಲೆಕ್ಕವನ್ನೇ ತಿದ್ದುತ್ತಿದ್ದೆ. ಆಗ ಮೊದಲ ಸಲ ನಾನು ಆಕೆಯ ಮುಖವನ್ನು ಸರಿಯಾಗಿ ನೋಡಿದೆ. ಅಲ್ಲಿದ್ದದ್ದು ನನ್ನದೇ ಹೊಟ್ಟೆಕಿಚ್ಚು. ಉಳಿದ ಬೋಲ್ಟುಗಳನ್ನು ಇಬ್ಬರೂ ಕೂಡಿ ಬಿಚ್ಚಿದೆವು.

ಎಂಜಿನ್ ಚಾಲೂ ಆಯಿತು. ಒಮ್ಮೆ ಗಡಗಡ ಎಂದು ಮೈ ಕೊಡವಿ ಸಮಾ ಆಯಿತು. ವಿಮಾನ ಗರಸಿನ ದೂಳೆಬ್ಬಿಸಿ ಓಡಿತು. ಅದರ ಗಾಲಿ ನೆಲ ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ, ಅದರ ನೆರಳು ಬೇರೆಯಾದಾಗ ಗೊತ್ತಾಯಿತು. ಬೇವಿನ ಮರದಷ್ಟು ಎತ್ತರಕ್ಕೆ ಹೋಯಿತು. ನನ್ನ ಜೋಡಿ ಹೊಲಿಗೆಯ ಬಿಳಿ ರೆಕ್ಕೆಯ ಮೂಲಕ ಬಿಸಿಲು ಕಾಣುತ್ತಿತ್ತು. ಒಂದೂ ಸುಕ್ಕಿರಲಿಲ್ಲ. ಸದ್ದು ಒಂದೇ ಎಳೆಯಲ್ಲಿ, ನಡುಕವಿಲ್ಲದೆ, ನಮ್ಮ ತಲೆಯ ಮೇಲೆ ಹಾದುಹೋಯಿತು. ರೆಕ್ಕೆ ನಾನು ಹೊಲಿದದ್ದು. ನಡುಕ ಆಕೆ ಬಿಡಿಸಿದ್ದು. ಮೇಲೆ ಇದ್ದವರು ಮಾತ್ರ ಅವರು. ಇಷ್ಟು ದಿನ ಆಕೆಯ ಮೇಲೆ ಪಟ್ಟ ಅಸೂಯೆಯೆಲ್ಲ ಆ ಹೊತ್ತಿಗೆ ತಲೆಯ ಮೇಲಿನ ಆ ಮನುಷ್ಯನ ಮೇಲೆ ಹೋಗಿ ಕೂತಿತು. ಹತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ನಾನು ಅಷ್ಟೊಂದು ಕರುಬಿದ್ದು ಅದೇ ಮೊದಲು.

"ಹೊಟ್ಟಿ ಉರೀತದ ಅಲ್ಲರೀ?" ಎಂದರು ಮೇಡಂ, ಮೇಲೆ ನೋಡುತ್ತಲೇ.

"ಭಾಳ ಉರೀತೈತ್ರಿ" ಎಂದೆ.

ರಸ್ತೆಯ ಬದಿಗೆ ಬಿಚ್ಚಿಟ್ಟ ಕೆಂಪು ಸೀಟು ಬಿದ್ದಿತ್ತು. ನಾನು ಹೋಗಿ ಅದರ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮೇಡಂ ಕೂಡ ಬಂದು ನಿಂತರು. ಸರಿದು ಜಾಗ ಮಾಡಿಕೊಟ್ಟೆ. ಒಬ್ಬರಿಗೆಂದು ಹೊಲಿದ ಸೀಟು ಅದು, ಇಬ್ಬರೂ ಒತ್ತೊತ್ತಾಗಿ ಕೂತೆವು.

ನಮ್ಮವರು ಇಳಿದು, ಎಂಜಿನ್ ನಿಲ್ಲಿಸಿ, ಓಡುತ್ತ ಬಂದರು. ಮುಖದಲ್ಲಿ ಆ ಬೆಳಕು. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇರುಕಿಕೊಂಡರು.

"ಸ್ವಲ್ಪ ಸರೀರಿ" ಎಂದರು. "ನಾನೂ ಕುಂಡರತೇನಿ."

ನಾವಿಬ್ಬರೂ ಸರಿಯಲಿಲ್ಲ.